ಕೆಸರು ಹೊಸ್ತಿಲು ದಾಟದಂತೆ: ಒಂದು ಮನೆಯ ಮುಂಬಾಗಿಲಿನ ಪ್ರಕರಣ ಅಧ್ಯಯನ

ಪರಿಸ್ಥಿತಿ

ಗೇಟಿನಿಂದ ಮುಂಬಾಗಿಲಿಗೆ 9 ಮೀಟರ್. ಗೇಟಿನ ಕಡೆಯ 3 ಮೀಟರ್ ಕಾಂಕ್ರೀಟು, ಉಳಿದ 6 ಮೀಟರ್ ಬರಿ ಮಣ್ಣಿನ ಕಾಲುದಾರಿ. ದಾರಿ ಮುಗಿಯುವಲ್ಲಿ ಎರಡು ಮೆಟ್ಟಿಲು, ಅದರ ಮೇಲೆ 1.8 ಮೀಟರ್ ಅಗಲ, 1.2 ಮೀಟರ್ ಉದ್ದದ ಚಿಕ್ಕ ಜಗಲಿ, ಆಮೇಲೆ ಒಳಕ್ಕೆ ತೆರೆಯುವ 90 ಸೆಂ.ಮೀ. ಅಗಲದ ಬಾಗಿಲು. ಬಾಗಿಲು ದಾಟಿದರೆ 1.5 ಮೀಟರ್ ಅಗಲ, 2.4 ಮೀಟರ್ ಉದ್ದದ, ಟೈಲ್ಸ್ ಹಾಸಿದ ಓಣಿಯಂಥ ಜಾಗ. ಅದು ಮುಗಿದ ಕೂಡಲೇ ಲ್ಯಾಮಿನೇಟ್ ಹಲಗೆ ಹಾಸಿದ ಹಾಲ್. ಮನೆಯಲ್ಲಿ ಮೂವರು ದೊಡ್ಡವರು, ಇಬ್ಬರು ಮಕ್ಕಳು, ಒಂದು ನಾಯಿ, ಒಂದು ಸೈಕಲ್ಲು. ಶೂ, ಚಪ್ಪಲಿ ಬಿಡುವ ಸ್ಟ್ಯಾಂಡ್ ಓಣಿಯ ಕೊನೆಯಲ್ಲಿ, ಅಂದರೆ ಹಾಲ್‌ಗೆ ಅಂಟಿಕೊಂಡಂತೆ ಇತ್ತು. ಈ ಕೊನೆಯ ವಿವರ ಸಣ್ಣದೆನಿಸಬಹುದು, ಆದರೆ ಅರ್ಧ ತೊಂದರೆಯ ಮೂಲ ಅದೇ.

ಮನೆಯವರ ದೂರು ನಾಲ್ಕು. ದಿನಕ್ಕೆ ಎರಡು ಸಲ ಒರೆಸಿದರೂ ನೆಲ ಕಾಲಿಗೆ ಕರಕರ ಅನ್ನುತ್ತದೆ. ಒರೆಸಿದ ಟೈಲ್ಸ್ ಒಣಗಿದ ಮೇಲೆ ಮಸುಕಾದ ಪೊರೆ ಕಾಣುತ್ತದೆ. ಹಾಲ್‌ನ ಮೊದಲ ಸಾಲಿನ ಲ್ಯಾಮಿನೇಟ್ ಹಲಗೆಗಳ ಸಂದು ಉಬ್ಬತೊಡಗಿದೆ. ಜೋರು ಮಳೆ ಬಂದ ದಿನ ಬಾಗಿಲ ಒಳಗೆ ಕಾಲಿಡುತ್ತಲೇ ಜಾರುತ್ತದೆ.

ಇಲ್ಲಿ ಶುಚಿ ಮಾಡುವವರ ಶ್ರಮದಲ್ಲಿ ಯಾವ ಕೊರತೆಯೂ ಇರಲಿಲ್ಲ. ಕೆಸರು ಉದುರುವುದಕ್ಕೆ ಬಾಗಿಲ ಹೊರಗೆ ಜಾಗವೇ ಇರಲಿಲ್ಲ, ಹಾಗಾಗಿ ಅದು ಹಾಲ್‌ಗೆ ಬಂದು ಉದುರುತ್ತಿತ್ತು. ಈ ಪ್ರಕರಣದಲ್ಲಿ ಮಾಡಿದ ಪ್ರತಿಯೊಂದು ಕೆಲಸವೂ ಆ ಉದುರುವ ಜಾಗವನ್ನು ಒಂದೊಂದು ಹೆಜ್ಜೆ ಹೊರಗೆ ತಳ್ಳುವ ಕೆಲಸ.

ಕೆಸರು ಎಲ್ಲಿಂದ, ಹೇಗೆ

ಮೊದಲು ಮಣ್ಣು ಎಂಥದ್ದೆಂದು ನೋಡಬೇಕು. ಒಂದು ಲೀಟರಿನ ಪಾರದರ್ಶಕ ಬಾಟಲಿಯಲ್ಲಿ ಮೂರನೇ ಒಂದು ಭಾಗ ದಾರಿಯ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಅಲುಗದ ಕಡೆ ಇಟ್ಟರೆ ಸಾಕು. ಮರಳು ಒಂದೆರಡು ನಿಮಿಷದಲ್ಲಿ ತಳ ಹಿಡಿಯುತ್ತದೆ. ಅದಕ್ಕಿಂತ ನುಣುಪಾದ ಗೋಡು ಮಣ್ಣಿಗೆ ಕೆಲವು ಗಂಟೆ ಬೇಕು. ಜೇಡಿಯ ಕಣ 0.002 ಮಿ.ಮೀ.ಗಿಂತ ಚಿಕ್ಕದು, ಅದು ಒಂದೆರಡು ದಿನ ನೀರಿನಲ್ಲೇ ತೇಲುತ್ತಿರಬಹುದು. ಈ ಮನೆಯ ಬಾಟಲಿಯಲ್ಲಿ ತಳದ ಮರಳಿನ ಪದರ ತೆಳ್ಳಗಿತ್ತು, ಮಾರನೆಯ ದಿನವೂ ನೀರು ಕದಡಿಯೇ ಇತ್ತು. ಜೇಡಿ ಹೆಚ್ಚಿರುವ ಮಣ್ಣು ಎಂದು ಅಲ್ಲೇ ತೀರ್ಮಾನವಾಯಿತು.

ಟೈಲ್ಸ್ ಮೇಲಿನ ಮಸುಕು ಪೊರೆಗೂ ಇದೇ ಕಾರಣ. ಮಾಪ್ ಅದ್ದಿದ ಬಕೆಟ್ಟಿನಲ್ಲಿ ಜೇಡಿ ತಳ ಸೇರುವುದಿಲ್ಲ, ನೀರಿನ ತುಂಬ ಹರಡಿಕೊಂಡಿರುತ್ತದೆ. ಅದೇ ನೀರಿನಲ್ಲಿ ಮತ್ತೆ ಮಾಪ್ ಅದ್ದಿ ಒರೆಸಿದರೆ ನೆಲದ ಮೇಲೆ ತೆಳುವಾಗಿ ಜೇಡಿ ಬಳಿದಂತಾಗುತ್ತದೆ. ನೀರು ಆರಿದ ಮೇಲೆ ಜೇಡಿ ಉಳಿಯುತ್ತದೆ.

ಕರಕರ ಅನ್ನುವುದು ಮರಳು. ಮರಳಿನ ಬಹುಪಾಲು ಕ್ವಾರ್ಟ್ಜ್, ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಹೇಳುವ ಮೋಸ್ ಅಳತೆಯಲ್ಲಿ ಅದರದು 7. ಗಾಜಿನದು ಸುಮಾರು 5.5, ಅಮೃತಶಿಲೆಯದು 3. ಒಂದು ಹಿಡಿ ಮರಳು ಕಾಲಿನಡಿ ಉಜ್ಜುತ್ತಿದ್ದರೆ ನೆಲದ ಹೊಳಪು ಹೋಗಲೇಬೇಕು. ಲ್ಯಾಮಿನೇಟಿನ ಮೇಲ್ಪದರ ಗಟ್ಟಿಯದಾದರೂ ಗೀರುಗಳಿಂದ ಪೂರ್ತಿ ತಪ್ಪಿಸಿಕೊಳ್ಳಲಾರದು.

ಆಮೇಲೆ ಅಟ್ಟೆ. ಮಕ್ಕಳ ಮಳೆಬೂಟು ತಿರುಗಿಸಿ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತಿತ್ತು: ಮುಂಗಾಲಿನ ಭಾಗದ ಗೀರುಗಳು ಹೆಚ್ಚುಕಡಿಮೆ ಖಾಲಿ, ಹಿಮ್ಮಡಿ ಮತ್ತು ಅದರ ಮುಂದಿನ ಕಮಾನಿನ ಭಾಗದಲ್ಲಿ ಮಾತ್ರ ಕೆಸರು ಗಟ್ಟಿಯಾಗಿ ಬಿಲ್ಲೆ ಕಟ್ಟಿತ್ತು. ನಡೆಯುವಾಗ ಮುಂಗಾಲಿನ ಅಟ್ಟೆ ಬಾಗುತ್ತದೆ, ಬಾಗಿದಾಗ ಕೆಸರು ಕಳಚುತ್ತದೆ. ಹಿಮ್ಮಡಿ ಬಾಗುವುದಿಲ್ಲ. ಅಲ್ಲಿಯ ಬಿಲ್ಲೆ ಒಳಗೆ ಬಂದು, ಒಣಗಿ, ಕುಗ್ಗಿ, ಸ್ಟ್ಯಾಂಡಿನ ಬುಡದಲ್ಲಿ ಇಡಿಯಾಗಿ ಬೀಳುತ್ತಿತ್ತು. ಮ್ಯಾಟಿನ ಮೇಲೆ ಬರೀ ಮುಂಗಾಲು ಉಜ್ಜಿ ಒಳಬರುವ ಅಭ್ಯಾಸ ಇದ್ದಲ್ಲೆಲ್ಲ ಹೀಗೇ ಆಗುತ್ತದೆ.

ಮೂರನೆಯ ಮೂಲ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸೂರಿನ ನೀರು ನೇರವಾಗಿ ಕೆಳಮೆಟ್ಟಿಲಿನ ಮುಂದಿನ ಮಣ್ಣಿಗೆ ಬೀಳುತ್ತಿತ್ತು. ಬಿದ್ದಲ್ಲಿ ಉದ್ದಕ್ಕೆ ಒಂದು ಗುಳಿ ಬಿದ್ದು, ಅಲ್ಲಿಂದ ರಾಡಿ ಚಿಮ್ಮಿ ಎರಡೂ ಮೆಟ್ಟಿಲಿಗೆ ಎರಚುತ್ತಿತ್ತು. ಪಕ್ಕದ ಗೋಡೆಯಲ್ಲಿ ಕೆಂಪು ಕಲೆ 40 ಸೆಂ.ಮೀ. ಎತ್ತರಕ್ಕೆ ಹತ್ತಿತ್ತು. ಅಂದರೆ ಗೇಟಿನಿಂದ ಶುದ್ಧ ಕಾಲಿನಲ್ಲಿ ಬಂದವರೂ ಮೆಟ್ಟಿಲು ಹತ್ತುವಾಗ ಕೆಸರು ಮೆಟ್ಟಿಯೇ ಬರಬೇಕು.

ಮೊದಲಿನ ಪ್ರಯತ್ನಗಳು ಕೈಕೊಟ್ಟದ್ದೇಕೆ

ದಾರಿಗೆ ಮರಳು ಸುರಿದಿದ್ದರು. ಜೇಡಿಮಣ್ಣಿಗೆ ಸ್ವಲ್ಪ ಮರಳು ಬೆರೆಸಿದರೆ ಅದು ಸಡಿಲವಾಗುವುದಿಲ್ಲ. ಮರಳಿನ ಕಣಗಳ ನಡುವಿನ ಜಾಗವನ್ನೆಲ್ಲ ಜೇಡಿ ತುಂಬಿಕೊಂಡು ಗಟ್ಟಿ ಹಸಿಗಾರೆಯಂತಾಗುತ್ತದೆ. ಕಾಲಿಗೆ ಅಂಟುವುದು ತಪ್ಪಲಿಲ್ಲ, ಮೇಲಾಗಿ ಮನೆಯೊಳಗೆ ಬರುವ ಮರಳು ಹೆಚ್ಚಾಯಿತು. ಮರದ ಪುಡಿ, ಒಣಹುಲ್ಲು ಹಾಕುವುದೂ ಇದೇ ಜಾತಿಯ ಉಪಾಯ. ನಾಲ್ಕು ದಿನ ಚೆನ್ನಾಗಿ ಕಾಣುತ್ತದೆ, ಆಮೇಲೆ ಕೊಳೆತು ಲೋಳೆಯಾಗುತ್ತದೆ.

ಬಾಗಿಲ ಹೊರಗೆ 60×40 ಸೆಂ.ಮೀ. ಅಳತೆಯ ಕಾಲೊರೆಸುವ ಮ್ಯಾಟ್ ಇತ್ತು. ದೊಡ್ಡವರ ಒಂದು ಹೆಜ್ಜೆ ಸುಮಾರು 70 ಸೆಂ.ಮೀ. 40 ಸೆಂ.ಮೀ. ಉದ್ದದ ಮ್ಯಾಟ್ ಮೇಲೆ ಹೆಚ್ಚೆಂದರೆ ಒಂದು ಕಾಲು ಒಂದು ಸಲ ಬೀಳುತ್ತದೆ, ಇನ್ನೊಂದು ಕಾಲು ಅದನ್ನು ದಾಟಿ ನೇರ ಟೈಲ್ಸ್ ಮೇಲೆ. ನಿಂತು ಉಜ್ಜಿಕೊಂಡು ಬನ್ನಿ ಎಂದು ಎಷ್ಟು ಹೇಳಿದರೂ ಕೈಯಲ್ಲಿ ಚೀಲ ಹಿಡಿದು ಮಳೆಯಲ್ಲಿ ನೆನೆದು ಬಂದವರು ನಿಲ್ಲುವುದಿಲ್ಲ. ಅವರು ನಡೆದುಕೊಂಡು ಹೋಗುವಾಗಲೇ ಅಟ್ಟೆ ಶುಚಿಯಾಗುವಷ್ಟು ಉದ್ದದ ಮ್ಯಾಟ್ ಬೇಕು. ಪ್ರತಿ ಕಾಲೂ ಎರಡೆರಡು ಸಲ ಬೀಳಬೇಕೆಂದರೆ ನಾಲ್ಕು ಹೆಜ್ಜೆ, ಅಂದರೆ 2.8 ಮೀಟರಿನ ಆಸುಪಾಸು. ಹಸಿರು ಕಟ್ಟಡಗಳಿಗೆ ಕೊಡುವ ಲೀಡ್ ಪ್ರಮಾಣೀಕರಣದಲ್ಲೂ ಪ್ರವೇಶದ್ವಾರದ ಮ್ಯಾಟ್ ವ್ಯವಸ್ಥೆ ನಡೆಯುವ ದಿಕ್ಕಿನಲ್ಲಿ ಕನಿಷ್ಠ 3 ಮೀಟರ್ ಇರಬೇಕೆಂದು ಕೇಳುತ್ತಾರೆ. ಮನೆಯಲ್ಲಿ ಅಷ್ಟು ಉದ್ದ ಒಂದೇ ಕಡೆ ಸಿಗುವುದು ಕಷ್ಟ. ಹೊರಗಷ್ಟು, ಒಳಗಷ್ಟು ಎಂದು ಹಂಚಿಕೊಳ್ಳಬಹುದು.

ಮೂರನೆಯದು, ಹಸಿ ಕೆಸರನ್ನು ಕಂಡ ಕೂಡಲೇ ಒದ್ದೆ ಮಾಪ್‌ನಿಂದ ಒರೆಸುವುದು. ಇದರಿಂದ ಒಂದು ಅಂಗೈಯಷ್ಟಿದ್ದ ಕೆಸರು ಇಡೀ ಓಣಿಗೆ ಹರಡುತ್ತಿತ್ತು. ಟೈಲ್ಸ್ ಸಂದಿಗೆ ಇಳಿದ ಜೇಡಿ ಅಲ್ಲೇ ಒಣಗಿ ಕೂರುತ್ತಿತ್ತು.

ಹೊರಗಿನ ಆರು ಮೀಟರ್

ಕೆಲಸ ಇಲ್ಲಿಂದ ಶುರುವಾಯಿತು. ಒಳಗಿನ ಮ್ಯಾಟ್, ಬೆಂಚು ಎಲ್ಲವೂ ಎರಡನೆಯ ಮಾತು. ದಾರಿಯೇ ರಾಡಿಯಾಗಿದ್ದರೆ ಎಂಥ ಮ್ಯಾಟೂ ಒಂದು ಗಂಟೆಯಲ್ಲಿ ತುಂಬಿಹೋಗುತ್ತದೆ.

ಜೋರು ಮಳೆ ಹಿಡಿದಿರುವಾಗ ಜೇಡಿಮಣ್ಣು ಅಗೆಯಬಾರದು. ಗುದ್ದಲಿಗೆ ಅಂಟುತ್ತದೆ, ತುಳಿದಲ್ಲಿ ಕಲಸಿ ಇನ್ನೂ ನೀರು ಇಂಗದಂತಾಗುತ್ತದೆ. ಎರಡು ಮೂರು ದಿನ ಬಿಡುವು ಸಿಗುವವರೆಗೆ ಅಗಲ ಹಲಗೆಗಳನ್ನು ಉದ್ದಕ್ಕೆ ಹಾಸಿ ದಾರಿ ಮಾಡಲಾಯಿತು. ಹಲಗೆ ಒದ್ದೆಯಾದರೆ ಜಾರುತ್ತದೆ, ಆದ್ದರಿಂದ ಮೇಲೆ ತಂತಿಜಾಲರಿ ಹೊಡೆಯಬೇಕು, ಜಾಲರಿಯ ಅಂಚು ಮೇಲೇಳದಂತೆ ಕೆಳಕ್ಕೆ ಮಡಚಬೇಕು.

ಹಳೆಯ ದಾರಿ ತುಳಿದು ತುಳಿದು ಎರಡೂ ಪಕ್ಕದ ನೆಲಕ್ಕಿಂತ ತಗ್ಗಾಗಿತ್ತು. ಸುತ್ತಲಿನ ನೀರೆಲ್ಲ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಹೊಸ ದಾರಿಯ ಮೇಲ್ಮೈ ಪಕ್ಕದ ನೆಲಕ್ಕಿಂತ 3 ಸೆಂ.ಮೀ. ಎತ್ತರ ಇರುವಂತೆ ಲೆಕ್ಕ ಹಾಕಿ, ಕಲಸಿಹೋದ ಮೆತ್ತನೆಯ ಮಣ್ಣನ್ನು ಗಟ್ಟಿ ನೆಲ ಸಿಗುವವರೆಗೆ ತೆಗೆಯಲಾಯಿತು. ತಳವನ್ನು ಒಂದು ಪಕ್ಕಕ್ಕೆ ಮೀಟರಿಗೆ 2 ಸೆಂ.ಮೀ. ಇಳಿಜಾರು ಬರುವಂತೆ ರಸಮಟ್ಟ ಇಟ್ಟು ಸಮ ಮಾಡಿದರು. ದಾರಿಯ ಅಗಲ 90 ಸೆಂ.ಮೀ. ಆದ್ದರಿಂದ ಒಂದು ಅಂಚಿಗಿಂತ ಇನ್ನೊಂದು ಅಂಚು ಸುಮಾರು 2 ಸೆಂ.ಮೀ. ತಗ್ಗು. ಕಣ್ಣಿಗೆ ಕಾಣದಷ್ಟು, ನೀರಿಗೆ ಸಾಕಾಗುವಷ್ಟು. ಇಳಿಜಾರು ಮನೆಯ ಗೋಡೆಯಿಂದ ಆಚೆಗೇ ಇರಬೇಕು, ಇದರಲ್ಲಿ ರಾಜಿ ಇಲ್ಲ.

ತಳದ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ. ನೀರು ಇದರೊಳಗೆ ಇಳಿಯುತ್ತದೆ, ಆದರೆ ಜಲ್ಲಿ ಕೆಳಗಿನ ಜೇಡಿಗೆ ಹೂತುಹೋಗುವುದನ್ನೂ ಜೇಡಿ ಮೇಲಕ್ಕೆ ಉಕ್ಕುವುದನ್ನೂ ಅದು ತಡೆಯುತ್ತದೆ. ಜೋಡಿಸುವಲ್ಲಿ 20 ಸೆಂ.ಮೀ. ಒಂದರ ಮೇಲೊಂದು ಬರಬೇಕು. ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವವರಿದ್ದಾರೆ. ಅದು ನೀರು ಹಿಡಿದಿಟ್ಟು ಜಲ್ಲಿಯನ್ನೇ ಕೊಳ ಮಾಡುತ್ತದೆ, ದಯವಿಟ್ಟು ಬೇಡ. ಬಟ್ಟೆಯ ಮೇಲೆ 20 ಎಂ.ಎಂ. ಜಲ್ಲಿ 7 ಸೆಂ.ಮೀ. ಹಾಕಿ ದಮ್ಮಸು ಹೊಡೆದು, ಅದರ ಮೇಲೆ 10–12 ಎಂ.ಎಂ. ಜಲ್ಲಿ 3 ಸೆಂ.ಮೀ. ಹರಡಲಾಯಿತು. ಜಲ್ಲಿ ಒಡೆದದ್ದಾಗಿರಬೇಕು, ಮೂಲೆಗಳಿರಬೇಕು. ಆಗ ಒಂದಕ್ಕೊಂದು ಕಚ್ಚಿಕೊಂಡು ಕಾಲಿನಡಿ ನಿಲ್ಲುತ್ತದೆ. ನುಣ್ಣನೆಯ ಹೊಳೆಗಲ್ಲು ನೋಡಲು ಚೆಂದ, ಆದರೆ ನಡೆದರೆ ಉರುಳುತ್ತದೆ. ಎರಡೂ ಅಂಚಿಗೆ ಇಟ್ಟಿಗೆ ಸಾಲು, ತಗ್ಗಿನ ಕಡೆಯ ಸಾಲಿನಲ್ಲಿ ಅಲ್ಲಲ್ಲಿ ಬೆರಳಗಲದ ಸಂದು, ನೀರು ಹೊರಹೋಗಲು.

ಜಲ್ಲಿ ಬಂದದ್ದು 6 ಮೀಟರಿಗಲ್ಲ, 4.8 ಮೀಟರಿಗೆ. ಮೆಟ್ಟಿಲಿಗೆ ತಾಗುವ ಕೊನೆಯ 1.2 ಮೀಟರಿನಲ್ಲಿ 60×90 ಸೆಂ.ಮೀ. ಅಳತೆಯ, ಮೇಲ್ಮೈ ಒರಟಾದ ಎರಡು ಚಪ್ಪಡಿ ಕಲ್ಲು ಹಾಕಲಾಯಿತು. ಜಲ್ಲಿ ನೇರ ಮೆಟ್ಟಿಲಿನವರೆಗೆ ಬಂದರೆ ಅಟ್ಟೆಯ ಗೀರಿನಲ್ಲಿ ಸಿಕ್ಕಿಕೊಂಡ ಹರಳು ಒಳಗೆ ಬರುತ್ತದೆ. ಗಟ್ಟಿ ಕಲ್ಲಿನ ಮೇಲೆ ಎರಡು ಹೆಜ್ಜೆ ಇಟ್ಟರೆ ಬಹುತೇಕ ಅಲ್ಲೇ ಉದುರುತ್ತದೆ. ಪ್ರಮಾಣ ಹೀಗೆ: 4.8 × 0.9 × 0.1 ಮೀಟರ್ ಅಂದರೆ 0.43 ಘನ ಮೀಟರ್. ದಮ್ಮಸಿನಲ್ಲಿ ಕುಗ್ಗುವುದಕ್ಕೆ ಶೇ 15ರಷ್ಟು ಸೇರಿಸಿದರೆ ಅರ್ಧ ಘನ ಮೀಟರ್, ತೂಕದಲ್ಲಿ ಸುಮಾರು 750 ಕಿಲೋ.

ಸೂರಿನ ನೀರು ಹಿಡಿದು ಪಕ್ಕಕ್ಕೆ ಸಾಗಿಸಲು ಬಾಗಿಲ ನೇರಕ್ಕೆ ಸೂರಿನಂಚಿಗೆ 4 ಮೀಟರ್ ಉದ್ದದ ದೋಣಿ ಕಟ್ಟಿ, ಮೀಟರಿಗೆ 5 ಮಿ.ಮೀ. ಇಳಿಜಾರು ಕೊಟ್ಟು, ಕೊನೆಯ ಪೈಪನ್ನು ದಾರಿಯಿಂದ 2 ಮೀಟರ್ ಆಚೆ ಬಿಡಲಾಯಿತು. ದೋಣಿ ಇಲ್ಲದ ಉಳಿದ ಸೂರಿನ ಕೆಳಗೆ 45 ಸೆಂ.ಮೀ. ಅಗಲಕ್ಕೆ 10 ಸೆಂ.ಮೀ. ಜಲ್ಲಿ. ಹನಿ ಜಲ್ಲಿಯ ಮೇಲೆ ಬಿದ್ದರೆ ಚಿಮ್ಮುವುದು ನೀರು ಮಾತ್ರ, ಮಣ್ಣಲ್ಲ. ಈ ಇಡೀ ಪ್ರಕರಣದಲ್ಲಿ ಹಾಕಿದ ಶ್ರಮಕ್ಕೆ ಅತಿ ಹೆಚ್ಚು ಫಲ ಕೊಟ್ಟದ್ದು ಈ ನಾಲ್ಕು ಮೀಟರ್ ದೋಣಿ.

ಮೆಟ್ಟಿಲು, ಜಗಲಿ

ಕೆಳಮೆಟ್ಟಿಲಿನ ಪಕ್ಕದಲ್ಲಿ ಅಟ್ಟೆಯ ಕೆಸರು ಕೆರೆದು ತೆಗೆಯಲು ಒಂದು ಕಬ್ಬಿಣದ ಪಟ್ಟಿ ನೆಡಲಾಯಿತು: ಪಟ್ಟಿಯ ಉದ್ದ 28 ಸೆಂ.ಮೀ., ನೆಲದಿಂದ ಎತ್ತರ 9 ಸೆಂ.ಮೀ., ದಪ್ಪ 5 ಮಿ.ಮೀ. ಪಟ್ಟಿಯ ಅಂಚು ಹರಿತವಾಗಿರಬಾರದು, ಅಟ್ಟೆ ಕೊಯ್ಯುತ್ತದೆ. ಹಿಮ್ಮಡಿಯ ಬಿಲ್ಲೆ ಕಳಚುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಒಂದು ಕಾಲಿನಲ್ಲಿ ನಿಂತು ಇನ್ನೊಂದನ್ನು ಕೆರೆಯಬೇಕಾದ್ದರಿಂದ ಕೈಗೆ ಹಿಡಿಕೆ ಬೇಕೇ ಬೇಕು. ಇಲ್ಲಿ ಮೆಟ್ಟಿಲಿನ ಕಂಬವೇ ಕೈಗೆಟುಕುವ ಕಡೆ ಪಟ್ಟಿ ನೆಟ್ಟರು. ವಯಸ್ಸಾದವರಿರುವ ಮನೆಯಲ್ಲಿ ಹಿಡಿಕೆಯಿಲ್ಲದೆ ಇದನ್ನು ಹಾಕಬಾರದು.

ಜಗಲಿಯ ಮೇಲೆ 90×110 ಸೆಂ.ಮೀ. ಅಳತೆಯ, ತೂತುಗಳಿರುವ ದಪ್ಪ ರಬ್ಬರ್ ಮ್ಯಾಟ್. ಇಲ್ಲಿ ತೆಂಗಿನ ನಾರಿನ ಮ್ಯಾಟ್ ಬೇಡವೆಂದದ್ದಕ್ಕೆ ಕಾರಣವಿದೆ. ನಾರು ಒಣ ಕೆಸರನ್ನು ಚೆನ್ನಾಗಿ ಕೆರೆಯುತ್ತದೆ, ಆದರೆ ಎರಚಲು ಬಡಿಯುವ ಜಾಗದಲ್ಲಿ ದಿನವಿಡೀ ಒದ್ದೆಯಾಗಿದ್ದರೆ ಕೊಳೆಯುತ್ತದೆ, ಉದುರುತ್ತದೆ, ಆ ನಾರೇ ಒಳಗೆ ಬರುತ್ತದೆ. ಪೂರ್ತಿ ಮಾಡಿನ ಕೆಳಗಿರುವ ಜಗಲಿಗೆ ಅದು ಸರಿ. ರಬ್ಬರ್ ಮ್ಯಾಟಿನ ತೂತಿನೊಳಗೆ ಕೆಸರು ಇಳಿದು ಅಟ್ಟೆಗೆ ಮತ್ತೆ ಸಿಗುವುದಿಲ್ಲ. ಅದರ ತೊಡಕು ಏನೆಂದರೆ ತೂತು ತುಂಬಿದ ದಿನ ಮ್ಯಾಟ್ ಇದ್ದೂ ಇಲ್ಲದಂತೆ. ಕೆಸರಿನ ದಿನಗಳಲ್ಲಿ ದಿನಕ್ಕೊಮ್ಮೆ ಎತ್ತಿ ಕೊಡವಿ, ಕೆಳಗಿನದನ್ನು ಗುಡಿಸಿ ಹೊರಹಾಕಬೇಕು. ಮ್ಯಾಟ್ ಎತ್ತಿದಾಗ ಜಗಲಿಯ ನೆಲದ ಮೇಲೆ ಜೇನುಗೂಡಿನ ಅಚ್ಚಿನಲ್ಲಿ ಮಣ್ಣು ಕೂತಿರುವುದು ಕಾಣುತ್ತದೆ. ಅಷ್ಟೂ ಒಳಗೆ ಹೋಗಬೇಕಾಗಿದ್ದ ಮಣ್ಣು.

ಬಾಗಿಲ ಒಳಗೆ

ಒಳಗಿನ ಮ್ಯಾಟಿನ ಕೆಲಸ ಬೇರೆ. ಅದು ಕೆರೆಯುವುದಲ್ಲ, ನೀರು ಹೀರುವುದು. 90×150 ಸೆಂ.ಮೀ. ಅಳತೆಯ, ನೈಲಾನ್ ಎಳೆಯ, ರಬ್ಬರ್ ತಳದ ಮ್ಯಾಟ್ ಆರಿಸಲಾಯಿತು. ನೈಲಾನ್ ಎಳೆ ತುಳಿದ ಮೇಲೂ ಮತ್ತೆ ಎದ್ದು ನಿಲ್ಲುತ್ತದೆ. ಪಾಲಿಪ್ರೊಪಿಲೀನ್ ಅಗ್ಗ, ಬೇಗ ಒಣಗುತ್ತದೆ, ಆದರೆ ಬೇಗ ಮಲಗಿಬಿಡುತ್ತದೆ. ಹತ್ತಿ ಚೆನ್ನಾಗಿ ಹೀರುತ್ತದೆ, ಒಣಗುವುದು ತಡ, ಮಳೆ ಬಿಡದ ದಿನಗಳಲ್ಲಿ ವಾಸನೆ ಬರುತ್ತದೆ. ಹೊರಗಿನ 110 ಮತ್ತು ಒಳಗಿನ 150 ಸೇರಿ 260 ಸೆಂ.ಮೀ. ನಾಲ್ಕು ಹೆಜ್ಜೆಗೆ ಒಂದಿಷ್ಟು ಕಡಿಮೆ, ಆದರೆ ಚಪ್ಪಡಿ ಮತ್ತು ಮೆಟ್ಟಿಲುಗಳೂ ಈಗ ಶುಚಿಯಾಗಿದ್ದರಿಂದ ಸಾಕಾಯಿತು.

ಮ್ಯಾಟ್ ಕೊಳ್ಳುವ ಮುನ್ನ ಬಾಗಿಲಿನ ಕೆಳಸಂದಿಯನ್ನು ಅಳೆಯಬೇಕು. ಇಲ್ಲಿ ಸಂದು 9 ಮಿ.ಮೀ. ಮೊದಲು ತಂದ 12 ಮಿ.ಮೀ. ದಪ್ಪದ ಮ್ಯಾಟ್ ಬಾಗಿಲಿಗೆ ಸಿಕ್ಕಿಕೊಂಡು ಮಡಚಿತು, ಕೊನೆಗೆ ಮೂಲೆಗೆ ಸರಿಸಿಟ್ಟರು. ಮೂಲೆಯಲ್ಲಿರುವ ಮ್ಯಾಟ್ ಇದ್ದೇನು ಪ್ರಯೋಜನ? 7 ಮಿ.ಮೀ. ದಪ್ಪದ್ದನ್ನು ತಂದ ಮೇಲೆ ಬಾಗಿಲು ಸಲೀಸಾಗಿ ಆಡಿತು. ಹೊಸ ಮನೆ ಕಟ್ಟುವವರು ಬಾಗಿಲ ಒಳಗೆ 15–20 ಮಿ.ಮೀ. ಆಳದ ಗುಂಡಿ ಬಿಡಿಸಿ ಅದರಲ್ಲಿ ಮ್ಯಾಟ್ ಕೂರಿಸಿದರೆ ಈ ರಗಳೆಯೇ ಇರದು, ಅಂಚಿಗೆ ಎಡವುವುದೂ ತಪ್ಪುತ್ತದೆ.

ಇನ್ನು ಸ್ಟ್ಯಾಂಡ್. ಅದು ಓಣಿಯ ಕೊನೆಯಲ್ಲಿ ಇರುವವರೆಗೆ ಎಲ್ಲರೂ ಕೆಸರಿನ ಶೂ ಹಾಕಿಕೊಂಡೇ 2.4 ಮೀಟರ್ ನಡೆಯುತ್ತಾರೆ. ಅವರ ತಪ್ಪೇನೂ ಇಲ್ಲ, ಸ್ಟ್ಯಾಂಡ್ ಇರುವಲ್ಲಿಗೇ ತಾನೆ ಹೋಗಬೇಕು. ಹೊಸ ಜೋಡಣೆ ಹೀಗಾಯಿತು: ಬಾಗಿಲ ಚಿಲಕದ ಕಡೆಯ ಗೋಡೆಗೆ, ಬಾಗಿಲಿನಿಂದ 30 ಸೆಂ.ಮೀ. ಬಿಟ್ಟು 75×35 ಸೆಂ.ಮೀ.ನ ಪ್ಲಾಸ್ಟಿಕ್ ತಟ್ಟೆ, ಅಂಚಿನ ಎತ್ತರ 3 ಸೆಂ.ಮೀ. ಅದರ ಆಚೆಗೆ, ಬಾಗಿಲಿನಿಂದ ಅಳೆದರೆ 110ರಿಂದ 190 ಸೆಂ.ಮೀ.ವರೆಗೆ, 45 ಸೆಂ.ಮೀ. ಎತ್ತರದ ಬೆಂಚು. ಮ್ಯಾಟ್ ಮುಗಿಯುವುದು 150ಕ್ಕೆ. ಅಂದರೆ ಬೆಂಚಿನ ಅರ್ಧ ಮ್ಯಾಟ್ ಇರುವ ಕಡೆ, ಅರ್ಧ ಒಣನೆಲದ ಕಡೆ. ಮ್ಯಾಟಿನ ಕಡೆಗೆ ಕಾಲಿಟ್ಟು ಕೂತು, ಒಂದು ಶೂ ಬಿಚ್ಚಿ ಆ ಕಾಲನ್ನು ಒಣ ಕಡೆಗೆ ಇಳಿಸಿ, ಆಮೇಲೆ ಇನ್ನೊಂದು. ಒದ್ದೆ ಮ್ಯಾಟನ್ನು ಸಾಕ್ಸ್ ಕಾಲಿನಲ್ಲಿ ಮೆಟ್ಟುವ ಪ್ರಸಂಗವೇ ಬರುವುದಿಲ್ಲ. ಇದಾಗದಿದ್ದರೆ ಸಾಕ್ಸ್ ಒದ್ದೆಯಾಗುವ ಭಯಕ್ಕೆ ಜನ ಮತ್ತೆ ಶೂ ಹಾಕಿಕೊಂಡೇ ಒಳಗೆ ನಡೆಯುತ್ತಾರೆ. ಬೆಂಚಿನ ಜಾಗವನ್ನು ಅಂಗೈಯಗಲ ಅತ್ತಿತ್ತ ಮಾಡಿದರೂ ಈ ಅನುಕೂಲ ಕೆಡುತ್ತದೆ, ಆದ್ದರಿಂದ ಅದನ್ನು ಗೋಡೆಗೆ ಬಿಗಿಯುವುದು ವಾಸಿ.

ತಟ್ಟೆಯಲ್ಲಿ ಶೂ ನೀರಿನಲ್ಲಿ ನಿಲ್ಲದಂತೆ ಒಳಗೊಂದು ಜಾಲರಿ ಇಡಬೇಕು. ಈ ಅಳತೆಯ ತಟ್ಟೆಗೆ ದೊಡ್ಡವರ ಮೂರು ಜೊತೆ ಹಿಡಿಸುತ್ತದೆ, ಹೆಚ್ಚಿಲ್ಲ. ಮಕ್ಕಳ ಮಳೆಬೂಟಿಗೆ ಜಗಲಿಯ ಮೂಲೆಯಲ್ಲೇ ಇನ್ನೊಂದು ತಟ್ಟೆ. ಒದ್ದೆ ಶೂವಿನ ಒಳಹಾಸು ತೆಗೆದು, ಒಳಗೆ ಕಾಗದ ತುರುಕಿ, ಕಾಗದ ಒದ್ದೆಯಾದಂತೆ ಬದಲಿಸುತ್ತ ಒಣಗಿಸಬೇಕು. ಒಲೆ, ಹೀಟರ್ ಪಕ್ಕ ಇಟ್ಟರೆ ಚರ್ಮ ಬಿರುಕು ಬಿಡುತ್ತದೆ, ಅಟ್ಟೆಯ ಅಂಟು ಬಿಡುತ್ತದೆ.

ಒರೆಸುವ ಕ್ರಮ

ದಿನಕ್ಕೆ ಎರಡು ಸಲ ಒರೆಸುವುದನ್ನು ನಿಲ್ಲಿಸಿ, ಒಂದು ಸಲ ಕ್ರಮವಾಗಿ ಮಾಡಿದ್ದೇ ಸಾಕಾಯಿತು. ಟೈಲ್ಸ್ ಮೇಲೆ ಹಸಿ ಕೆಸರಿನ ಮುದ್ದೆ ಬಿದ್ದರೆ ಮೊದಲು ಅಂಚು ಮೊಂಡಾದ ಪ್ಲಾಸ್ಟಿಕ್ ಪಟ್ಟಿಯಿಂದ ಎತ್ತಿ ಹೊರಹಾಕಬೇಕು, ಉಳಿದ ತೆಳು ಪದರವನ್ನು ಒಣಗಲು ಬಿಡಬೇಕು. ಯಾರಾದರೂ ಓಡಾಡುವ ಜಾಗವಾದರೆ ಜಾರದಂತೆ ಒಂದು ಹಳೆಯ ಬಟ್ಟೆ ಮುಚ್ಚಿಡಬೇಕು. ಒಣಗಿದ ಮೇಲೆ ಮೆತ್ತನೆಯ ಪೊರಕೆ ಅಥವಾ ವ್ಯಾಕ್ಯೂಮ್. ಗುಡಿಸುವುದು ಯಾವಾಗಲೂ ಹಾಲ್ ಕಡೆಯಿಂದ ಬಾಗಿಲ ಕಡೆಗೆ.

ಒಣಮಣ್ಣೆಲ್ಲ ಹೋದ ಮೇಲೆ ಮಾತ್ರ ನೀರು. ಎರಡು ಬಕೆಟ್ ಬೇಕು. ಒಂದರಲ್ಲಿ 4 ಲೀಟರ್ ನೀರಿಗೆ ನೆಲ ಒರೆಸುವ ದ್ರವ, ಬಾಟಲಿಯ ಮೇಲೆ ಬರೆದ ಅಳತೆಯಷ್ಟೇ. ಇನ್ನೊಂದರಲ್ಲಿ ಬರಿ ನೀರು. ಮಾಪ್ ದ್ರವದಲ್ಲಿ ಅದ್ದಿ, ಹಿಂಡಿ, ಒಂದೆರಡು ಚದರ ಮೀಟರ್ ಒರೆಸಿ, ಬರಿ ನೀರಿನಲ್ಲಿ ಜಾಲಿಸಿ ಹಿಂಡಿ, ಆಮೇಲಷ್ಟೇ ಮತ್ತೆ ದ್ರವಕ್ಕೆ. ಜಾಲಿಸುವ ಬಕೆಟ್ಟಿನ ತಳ ಕಾಣದಾದಾಗ ಆ ನೀರು ಚೆಲ್ಲಬೇಕು. ಇದನ್ನು ಪಾಲಿಸಿದ ಮೊದಲ ವಾರದಲ್ಲೇ ಮಸುಕು ಪೊರೆ ಹೋಯಿತು. ದ್ರವ ಕಣ್ಣಂದಾಜಿನಲ್ಲಿ ಸುರಿಯುತ್ತಿದ್ದುದೂ ಪೊರೆಗೆ ಒಂದು ಕಾರಣವಾಗಿತ್ತು. ಹೆಚ್ಚಾದ ದ್ರವ ಒಣಗಿ ಅಂಟಾಗುತ್ತದೆ, ಅಂಟಿಗೆ ಧೂಳು ಕೂರುತ್ತದೆ. ನೆಲದಲ್ಲಿ ಹಳೆಯ ದ್ರವ ಉಳಿದಿದೆಯೇ ಎಂದು ತಿಳಿಯಲು ಬರಿ ನೀರಿನ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ನೊರೆ ಬಂದರೆ ಉಳಿದಿದೆ ಎಂದೇ ಅರ್ಥ. ಅಮೃತಶಿಲೆ, ಸುಣ್ಣಕಲ್ಲಿನ ನೆಲವಿರುವವರು ವಿನೆಗರ್, ನಿಂಬೆರಸ ಬಳಸಬೇಡಿ, ಆಮ್ಲ ಆ ಕಲ್ಲನ್ನು ತಿನ್ನುತ್ತದೆ.

ಲ್ಯಾಮಿನೇಟಿನ ಮೇಲೆ ತೊಟ್ಟಿಕ್ಕುವ ಮಾಪ್ ಹೋಗಲೇಬಾರದು. ಹಲಗೆಯ ಒಳಗಿರುವುದು ಒತ್ತಿದ ಮರದ ನಾರು, ಸಂದಿನಿಂದ ನೀರು ಇಳಿದರೆ ಉಬ್ಬುತ್ತದೆ, ಒಮ್ಮೆ ಉಬ್ಬಿದ್ದು ಒಣಗಿದರೂ ಮೊದಲಿನಂತಾಗುವುದು ಅಪರೂಪ. ಈ ಮನೆಯಲ್ಲಿ ಉಬ್ಬಿದ ಎರಡು ಹಲಗೆ ಬದಲಿಸಬೇಕಾಯಿತು.

ನಾಯಿ, ಸೈಕಲ್ಲು

ನಾಯಿಯ ಪಾದದ ಮೆತ್ತೆಗಳ ನಡುವಿನ ಕೂದಲು ಉದ್ದವಿದ್ದರೆ ಅಲ್ಲಿ ಕೆಸರು ಗಂಟು ಕಟ್ಟುತ್ತದೆ, ಅದನ್ನು ಕತ್ತರಿಸಿಡಬೇಕು. ಜಗಲಿಯಲ್ಲೇ ಒಂದು ಅಗಲಬಾಯಿಯ ಲೋಟದಲ್ಲಿ ಉಗುರುಬೆಚ್ಚಗಿನ ನೀರು, ಒಂದೊಂದೇ ಪಾದ ಅದ್ದಿ ತೆಗೆದು ಬೆರಳ ಸಂದಿಯವರೆಗೆ ಒರೆಸಬೇಕು. ಪಾದಕ್ಕಿಂತ ಮೊದಲು ಬೆನ್ನು, ಹೊಟ್ಟೆ ಒರೆಸಿ. ಒದ್ದೆ ಮೈಯಲ್ಲಿ ಒಳಗೆ ಬಂದ ನಾಯಿ ಮೈ ಕೊಡವಿದರೆ ಎರಡೂ ಗೋಡೆಗೆ ಚುಕ್ಕಿ. ಓಣಿಯ ಗೋಡೆಗೆ 1 ಮೀಟರ್ ಎತ್ತರದವರೆಗೆ ತೊಳೆಯಬಹುದಾದ ಬಣ್ಣ ಹಚ್ಚಿದ್ದರಿಂದ ಆ ಚುಕ್ಕಿಗಳೂ ಬಟ್ಟೆಯಿಂದ ಒರೆಸಿದರೆ ಹೋಗುತ್ತವೆ.

ಸೈಕಲ್ಲಿನ ಲೆಕ್ಕವೇ ಬೇರೆ. ದೊಡ್ಡವರ ಸೈಕಲ್ ಚಕ್ರದ ಸುತ್ತಳತೆ 2.1 ಮೀಟರಿನ ಹತ್ತಿರ. ಟೈರು ಒಂದು ಸುತ್ತು ಪೂರ್ತಿ ಮ್ಯಾಟಿಗೆ ತಾಗಬೇಕಾದರೆ ಮ್ಯಾಟ್ ಅಷ್ಟು ಉದ್ದ ಇರಬೇಕು. 150 ಸೆಂ.ಮೀ. ಮ್ಯಾಟ್ ದಾಟಿದ ಟೈರಿನ ಕಾಲುಭಾಗಕ್ಕಿಂತ ಹೆಚ್ಚು ಕೆಸರು ಹಾಗೇ ಉಳಿದು ಹಾಲ್‌ನಲ್ಲಿ ಪಟ್ಟೆ ಎಳೆಯುತ್ತದೆ. ಸೈಕಲ್ಲನ್ನು ಜಗಲಿಯ ಗೋಡೆಯ ಕೊಕ್ಕೆಗೆ ನೇತುಹಾಕುವುದೆಂದು ನಿಶ್ಚಯಿಸಲಾಯಿತು. ಮಗುವಿನ ತಳ್ಳುಗಾಡಿಯ 20 ಸೆಂ.ಮೀ. ವ್ಯಾಸದ ಚಕ್ರಕ್ಕೆ 63 ಸೆಂ.ಮೀ. ಸಾಕು, ಅದು ಮ್ಯಾಟಿನ ಮೇಲೆ ಎರಡು ಸುತ್ತು ಉರುಳುತ್ತದೆ.

ಕೆಲಸವಾದ ಮೇಲೂ ಕೈಕೊಟ್ಟದ್ದು

ಒಳಮ್ಯಾಟ್ ಕೆಲವು ದಿನಗಳಲ್ಲೇ ವಾಸನೆ ಹೊಡೆಯಿತು. ರಬ್ಬರ್ ತಳದಡಿ ನೀರು ಸಿಕ್ಕಿಕೊಂಡಿತ್ತು. ಅದಕ್ಕೆ ಅದೇ ಅಳತೆಯ ಇನ್ನೊಂದು ಮ್ಯಾಟ್ ತಂದು, ಒಂದು ನೆಲದ ಮೇಲಿದ್ದರೆ ಇನ್ನೊಂದು ಒಣಗಲು ತೂಗಾಡುವಂತೆ ಮಾಡಿದರು. ಮುಟ್ಟಿದರೆ ನೀರು ಒಸರುವಷ್ಟು ಒದ್ದೆಯಾದ ಮ್ಯಾಟ್ ಹೀರುವುದಿಲ್ಲ, ಬದಲಿಗೆ ಅಟ್ಟೆಗೆ ನೀರು ಹಚ್ಚಿ ಕಳಿಸುತ್ತದೆ. ಎಡೆಬಿಡದ ಮಳೆಯ ದಿನ ಮಧ್ಯಾಹ್ನದ ಹೊತ್ತಿಗೇ ಬದಲಿಸಬೇಕಾಗುತ್ತದೆ. ತೊಳೆಯುವಾಗಲೂ ಮೊದಲು ಒಣಗಿಸಿ, ಎಳೆ ಕೆಳಮುಖವಾಗಿ ಹಿಡಿದು ಬಡಿದು ಮಣ್ಣು ಉದುರಿಸಿ, ಆಮೇಲೆ ನೀರು ಹಾಯಿಸಬೇಕು. ಒಂದು ಎಚ್ಚರಿಕೆ: ವಿನೈಲ್ ನೆಲದ ಮೇಲೆ ರಬ್ಬರ್ ತಳದ ಮ್ಯಾಟ್ ಬಹಳ ಕಾಲ ಇದ್ದರೆ ಉಜ್ಜಿದರೂ ಹೋಗದ ಹಳದಿ ಕಲೆ ಬೀಳಬಹುದು, ಅಲ್ಲಿ ಬೇರೆ ತಳದ್ದು ಬಳಸಬೇಕು.

ದೋಣಿ ಒಮ್ಮೆ ಎಲೆ ಕಟ್ಟಿಕೊಂಡು ನಡುವಿನಿಂದ ತುಳುಕಿತು, ಹಳೆಯ ಗುಳಿ ಬಿದ್ದಿದ್ದ ಜಾಗದಲ್ಲೇ ಮತ್ತೆ ನೀರು ಬಿತ್ತು. ಪೈಪಿನ ಬಾಯಿಗೆ ಜಾಲರಿ ಹಾಕಿ, ಮಳೆಗೆ ಮುನ್ನ ಒಮ್ಮೆ, ನಡುವೆ ಒಮ್ಮೆ ಎಲೆ ತೆಗೆಯುವುದೆಂದಾಯಿತು. ನೆರಳಿನಲ್ಲಿದ್ದ ಎರಡನೆಯ ಚಪ್ಪಡಿಗೆ ಪಾಚಿ ಹಿಡಿದು ಜಾರತೊಡಗಿತು. ಗಡಸು ಬ್ರಶ್‌ನಿಂದ ವಾರಕ್ಕೊಮ್ಮೆ ಉಜ್ಜಿದರೆ ಪಾಚಿ ಬೇರು ಬಿಡುವುದಿಲ್ಲ.

ಈಗಿನ ಸ್ಥಿತಿ

ಅಳೆಯುವುದಕ್ಕೆ ಬಿಳಿ ಬಟ್ಟೆಯೇ ಸಾಕು. ದಿನಾ ಸಂಜೆ ಒಂದೇ ಹೊತ್ತಿಗೆ ಮೂರು ಕಡೆ 30×30 ಸೆಂ.ಮೀ. ಜಾಗವನ್ನು ಒದ್ದೆ ಬಿಳಿ ಬಟ್ಟೆಯಿಂದ ಒಂದೇ ಸಲ ಒರೆಸಿ ನೋಡುವುದು: ಹೊಸ್ತಿಲ ಒಳಗೆ ಮ್ಯಾಟಿನ ಪಕ್ಕ, ಮ್ಯಾಟ್ ಮುಗಿದ ಕಡೆ, ಹಾಲ್‌ನ ಮೊದಲ ಹಲಗೆ. ಮೊದಲು ಮೂರೂ ಬಟ್ಟೆ ಒಂದೇ ಬಣ್ಣ ಬರುತ್ತಿದ್ದವು. ದಾರಿ ಮತ್ತು ದೋಣಿ ಮುಗಿದಾಗ ಮೂರೂ ತಿಳಿಯಾದವು. ಸ್ಟ್ಯಾಂಡಿನ ಜಾಗ ಬದಲಾಗಿ ಬೆಂಚು ಬಂದ ಮೇಲೆ ಮಾತ್ರ ಮೂರನೆಯ ಬಟ್ಟೆ ಬಿಳಿಯಾಗಿಯೇ ಬಂತು. ಮ್ಯಾಟ್ ಒಂದನ್ನೇ ಬದಲಿಸಿದ್ದರೆ ಮೊದಲ ಬಟ್ಟೆಯಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಕಾಣುತ್ತಿತ್ತೇ ಹೊರತು ಹಾಲ್‌ನಲ್ಲಿ ಏನೂ ಆಗುತ್ತಿರಲಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಒಂದು ಕಡೆ ಇನ್ನೂ ಕೆಸರು ಬರುತ್ತಿದೆ. ಮಕ್ಕಳು ಗೇಟಿನಿಂದ ಜಲ್ಲಿ ದಾರಿಗೆ ಬರದೆ, ಮೂಲೆಯಲ್ಲಿ ಹುಲ್ಲಿನ ಮೇಲೆ ಅಡ್ಡ ಹಾಯ್ದು ಎರಡನೆಯ ಚಪ್ಪಡಿಗೆ ಹತ್ತುತ್ತಾರೆ, ಅಲ್ಲಿ ಹುಲ್ಲು ಸತ್ತು ಎರಡು ಅಡಿ ಅಗಲದ ಕೆಸರಿನ ಗುರುತು ಬಿದ್ದಿದೆ. ಕುಂಡ ಇಟ್ಟು ಅಡ್ಡಗಟ್ಟಿದರೆ ಕುಂಡದ ಪಕ್ಕದಿಂದ ಹೊಸ ದಾರಿ ಬೀಳುತ್ತದೆ. ಅವರು ಹಾಯುವ ಗೆರೆಯಲ್ಲೇ 45×45 ಸೆಂ.ಮೀ. ಅಳತೆಯ ಮೂರು ಚಪ್ಪಡಿಗಳನ್ನು, ನಡುವಿನಿಂದ ನಡುವಿಗೆ 55 ಸೆಂ.ಮೀ. ಅಂತರದಲ್ಲಿ, ಅಂದರೆ ಮಕ್ಕಳ ಹೆಜ್ಜೆಯ ಅಳತೆಗೆ ನೆಡಲು ಗುರುತು ಮಾಡಿಕೊಡಲಾಗಿದೆ. ನೆಲ ಒಣಗಿದ ಕೂಡಲೇ ಆ ಕೆಲಸ ಆಗಲಿದೆ.